ಉದುರಿಹೋದ ಕಂದು

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮನೆಮನೆಯ ಹೆಂಗಸರು ತುಂಡುಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳನ್ನು ಸಮೀಪದಿಂದ ಪರೀಕ್ಷಿಸುವವರು ಒಂದು ವಿಚಿತ್ರವಾದ ನಷ್ಟವನ್ನು ಗಮನಿಸದೆ ಇರಲಾರರು. ಅಂಗೈಯಗಲದ ಒಂದು ತುಂಡಿನಲ್ಲಿ ಕೆಂಪು ದಳಗಳು ನೂರೈವತ್ತು ವರ್ಷಗಳ ತರುವಾಯವೂ ನಿನ್ನೆ ಅಚ್ಚೊತ್ತಿದಂತೆ ಉಜ್ಜ್ವಲವಾಗಿರುತ್ತವೆ; ನೆಲದ ಬಿಳುಪು ಕೊಂಚ ಹಳದಿಗೆ ತಿರುಗಿರಬಹುದು, ಅಷ್ಟೆ; ಆದರೆ ಅದೇ ಹೂವಿನ ಕಂದು ತೊಟ್ಟು, ಎಲೆಯ ಕಂದು ಅಂಚು ಇರಬೇಕಾದ ಎಡೆಯಲ್ಲಿ ಬಟ್ಟೆಯೇ ಇರುವುದಿಲ್ಲ. ತೊಟ್ಟಿನ ಆಕಾರದ್ದೇ ಒಂದು ರಂಧ್ರ, ಅದರೊಳಗಿನಿಂದ ಇಣುಕುವ ಅರಳೆ. ಇಲಿ ಕಡಿದುದಲ್ಲ, ಹುಳು ತಿಂದುದಲ್ಲ. ಬಣ್ಣವೇ ತನಗೆ ಆಶ್ರಯವಿತ್ತ ನೂಲನ್ನು ಸವೆಸಿಹಾಕಿದೆ. ಪಟ್ಟಿ ಪಟ್ಟಿಯಾಗಿ ಜೋಡಿಸುವ ಕ್ವಿಲ್ಟನ್ನು ಪರಿಚಯಿಸಬೇಕೆಂದು ಹೊರಟ ನಾನು ಈ ಕಂದಿನ ವೃತ್ತಾಂತದಲ್ಲಿ ಸಿಕ್ಕಿಕೊಂಡೆನಾದ್ದರಿಂದ, ಅದಕ್ಕೆ ನ್ಯಾಯವಾಗಿ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಸ್ಥಳ ಸಂದರೆ ಓದುಗರು ಮನ್ನಿಸಬೇಕು.

ಆ ಕಾಲದ ಅಗ್ಗದ ಹೂಬಟ್ಟೆಗಳ ಕೆಂಪು, ಗುಲಾಬಿ, ನೇರಿಳೆ, ಕಂದು, ಕಪ್ಪು, ಇವಿಷ್ಟಕ್ಕೂ ಬಹುಮಟ್ಟಿಗೆ ಮೂಲ ಒಂದೇ: ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಮ್ಯಾಡರ್ ಎಂಬ ಗಿಡದ ಬೇರು. ಅಚ್ಚಿನ ಮನೆಯವರು ಬಟ್ಟೆಯ ಮೇಲೆ ಒತ್ತುತ್ತಿದ್ದುದು ಬಣ್ಣವನ್ನಲ್ಲ; ಗೋಂದಿನಲ್ಲಿ ಕಲಸಿದ, ಬಣ್ಣವನ್ನು ನೂಲಿಗೆ ಹಿಡಿಸುವ ಲವಣಗಳನ್ನು. ಕೆಂಪಾಗಬೇಕಾದ ಕಡೆ ಪಟಿಕದ ಲವಣ, ಅದನ್ನೇ ತೆಳುಮಾಡಿದರೆ ಗುಲಾಬಿ. ಕಪ್ಪಾಗಬೇಕಾದ ಕಡೆ ಕಬ್ಬಿಣದ ಲವಣ, ಅದನ್ನೇ ತೆಳುಮಾಡಿದರೆ ನೇರಿಳೆ. ಎರಡನ್ನೂ ಬೆರೆಸಿ ಒತ್ತಿದೆಡೆಯಲ್ಲಿ ಕಂದು. ಆ ಬಳಿಕ ಬಟ್ಟೆಯನ್ನು ಹಸುವಿನ ಸಗಣಿ ಕದಡಿದ ಬಿಸಿನೀರಿನಲ್ಲಿ ಹಾಯಿಸಿ, ಗೋಂದನ್ನೂ ಹೆಚ್ಚಿನ ಲವಣವನ್ನೂ ಕಳೆಯುತ್ತಿದ್ದರು. ಮ್ಯಾಂಚೆಸ್ಟರಿನ ಸುತ್ತಣ ಕಾರ್ಖಾನೆಗಳು ಉಗಿಯಂತ್ರದಿಂದ ನಡೆಯುತ್ತಿದ್ದ ಕಾಲದಲ್ಲಿಯೂ ಹಸುವಿನ ಸಗಣಿಗೆ ಅಲ್ಲಿ ಇಷ್ಟು ಗೌರವವಿದ್ದಿತೆಂಬುದನ್ನು ನಮ್ಮ ಹಿರಿಯರು ಕೇಳಿದ್ದರೆ ಮನಸಾರೆ ಸಂತೋಷಪಡುತ್ತಿದ್ದರು. ಕಡೆಗೆ, ಹೆಚ್ಚು ಗುರುತೇನೂ ಕಾಣದ ಆ ಬಟ್ಟೆಯನ್ನು ಬೇರಿನ ಪುಡಿ ಕುದಿಯುವ ಒಂದೇ ಕೊಪ್ಪರಿಗೆಗೆ ಇಳಿಸಿದರೆ, ಅದು ಒಂದೊಂದು ಲವಣವಿದ್ದೆಡೆಯಲ್ಲಿ ಒಂದೊಂದು ಬಣ್ಣವನ್ನು ತಾಳಿ, ಐದು ಬಣ್ಣದ ಹೂಬಳ್ಳಿಯಾಗಿ ಮೇಲೆದ್ದು ಬರುತ್ತಿತ್ತು.

ಈ ವಿದ್ಯೆಯ ತವರು ಯೂರೋಪಲ್ಲ. ಕೋರಮಂಡಲ ತೀರದ ಬಣ್ಣಗಾರರು ಅಳಲೆಕಾಯಿ, ಪಟಿಕ, ಬೆಲ್ಲದ ನೀರಿನಲ್ಲಿ ಹಳೆಯ ಕಬ್ಬಿಣವನ್ನು ಕೊಳೆಸಿ ತೆಗೆದ ಕರಿ, ಚಾಯ್ ಬೇರು, ಇವುಗಳಿಂದ ಶತಮಾನಗಳ ಕಾಲ ಮಾಡುತ್ತ ಬಂದುದನ್ನೇ, ಪಾಂಡಿಚೇರಿಯ ಕಡೆಯಲ್ಲಿದ್ದ ಜೆಸ್ವಿಟ್ ಪಾದ್ರಿ ಕೂರ್ದೂ 1742ರಲ್ಲಿ ವಿವರವಾಗಿ ಬರೆದು ತನ್ನ ದೇಶಕ್ಕೆ ಕಳುಹಿಸಿದನು. ನಮ್ಮ ಚೀಟಿಬಟ್ಟೆಯ ಮೋಹ ಇಂಗ್ಲೆಂಡಿನ ಹೆಂಗಸರನ್ನು ಎಷ್ಟು ಹಿಡಿದಿದ್ದಿತೆಂದರೆ, ಉಣ್ಣೆ ಮತ್ತು ರೇಷ್ಮೆಯ ನೇಕಾರರ ಕೂಗಿಗೆ ಓಗೊಟ್ಟು ಅಲ್ಲಿನ ಪಾರ್ಲಿಮೆಂಟು 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೇ ನಿಷೇಧಿಸಬೇಕಾಯಿತು. ಆ ನಿಷೇಧ 1774ರವರೆಗೆ ಇದ್ದಿತು. ಅದು ತೊಲಗಿದ ಹತ್ತು ವರ್ಷಗಳ ಒಳಗೆ, 1783ರಲ್ಲಿ, ಥಾಮಸ್ ಬೆಲ್ ಎಂಬಾತನು ತಾಮ್ರದ ಉರುಳೆಯಿಂದ ಅಚ್ಚೊತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮುಂದೆ ಸ್ಕಾಟ್‌ಲೆಂಡಿನ ಲೆವೆನ್ ಕಣಿವೆಯಲ್ಲಿ ಅದ್ದಿ ತೆಗೆದ ಟರ್ಕಿ ಕೆಂಪಿನ ಬಟ್ಟೆ, ನವಿಲಿನ ಚಿತ್ರವನ್ನು ಹೊತ್ತು, ಮುಂಬಯಿಯ ಪೇಟೆಗೇ ಬಂದಿಳಿಯಿತು. ವಿದ್ಯೆ ಹೋದ ದಾರಿಯಲ್ಲಿಯೇ ಸರಕು ಹಿಂದಿರುಗಿತು. ನಡುವೆ ಮುಚ್ಚಿದ ಮಗ್ಗಗಳ ಕಥೆ ಬೇರೆಯೇ ಇದೆ.

ಕೆಂಪು ಉಳಿದು ಕಂದು ಅಳಿದುದಕ್ಕೆ ಕಾರಣ ಆ ಕಬ್ಬಿಣ. ಪಟಿಕ ಸಾಧುವಾದುದು, ನೂಲಿನೊಡನೆ ಶಾಂತವಾಗಿ ಬಾಳುತ್ತದೆ. ಕಬ್ಬಿಣವಾದರೋ ತೇವವೂ ಗಾಳಿಯೂ ತಗಲುತ್ತಲೇ ನೂಲಿನ ಎಳೆಯನ್ನು ಒಳಗಿನಿಂದ ಜೀರ್ಣಗೊಳಿಸುತ್ತ ಹೋಗಿ, ಕಾಲಕ್ರಮದಲ್ಲಿ ಅದನ್ನು ಪುಡಿಗೈಯುತ್ತದೆ. ವಿಕ್ಟೋರಿಯಾ ರಾಣಿಗೆ 1861ರಲ್ಲಿ ವೈಧವ್ಯ ಪ್ರಾಪ್ತವಾದ ಮೇಲೆ ಆಕೆ ಕಡೆಯವರೆಗೂ ಕರಿಯನ್ನೇ ಉಟ್ಟುದರಿಂದ ಶೋಕವಸ್ತ್ರಗಳ ವ್ಯಾಪಾರ ಬೆಳೆಯಿತು. ಕರಿ, ಬೂದಿ, ಮಂಕು ನೇರಿಳೆಯ ಸಣ್ಣ ಹೂಗಳ ಬಟ್ಟೆ ಎಲ್ಲ ಮನೆಗಳ ತುಂಡಿನ ಚೀಲಕ್ಕೂ ಬಂದು ಸೇರಿತು. ಅವುಗಳಲ್ಲಿಯೂ ಬಹಳಷ್ಟು ಇಂದು ಜೂಲುಜೂಲಾಗಿವೆ. ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ 1856ರಲ್ಲಿ ಡಾಂಬರಿನಿಂದ ನೇರಿಳೆ ಬಣ್ಣವನ್ನು ತೆಗೆದದ್ದೂ, 1868ರಲ್ಲಿ ಜರ್ಮನಿಯ ಇಬ್ಬರು ರಸಾಯನಜ್ಞರು ಮ್ಯಾಡರಿನ ಸಾರವನ್ನೇ ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದ್ದೂ, ಬೇರಿನ ಬೆಳೆಗಾರರು ಕೆಲವೇ ವರ್ಷಗಳಲ್ಲಿ ನೆಲಕಚ್ಚಿದ್ದೂ ಪ್ರಸಿದ್ಧವಾದ ಸಂಗತಿಗಳಾದುದರಿಂದ ವಿಸ್ತರಿಸುವುದಿಲ್ಲ.

ಇನ್ನು ಪಟ್ಟಿಯ ವಿಚಾರ. ಇಂಗ್ಲೆಂಡಿನ ಉತ್ತರಕ್ಕೆ, ಡರಹಂ ಮತ್ತು ನಾರ್ತಂಬರ್‌ಲೆಂಡಿನ ಗಣಿಸೀಮೆಯಲ್ಲಿ, ಎರಡು ಬಣ್ಣದ ಉದ್ದನೆಯ ಪಟ್ಟಿಗಳನ್ನು ತಲೆಯಿಂದ ಕಾಲಿನವರೆಗೆ ಒಂದರ ಮಗ್ಗುಲಿಗೊಂದು ಕೂಡಿಸಿ, ಏಳೋ ಒಂಬತ್ತೋ ಪಟ್ಟಿಯ ಹೊದಿಕೆಯನ್ನು ಮಾಡುವುದು ವಾಡಿಕೆಯಾಗಿದ್ದಿತು. ಉದ್ದನೆಯ ಹೊಲಿಗೆಗೆ ಹೊಲಿಗೆಯಂತ್ರವನ್ನು ಉಪಯೋಗಿಸಲು ಅವರು ಸಂಕೋಚಪಡಲಿಲ್ಲ. ಕೈಯ ಚಮತ್ಕಾರವನ್ನೆಲ್ಲ ಮೇಲುಬಟ್ಟೆ, ಅರಳೆ, ಅಸ್ತರು ಮೂರನ್ನೂ ಕೂಡಿಸುವ ಸಣ್ಣ ಓಟಹೊಲಿಗೆಗೆ ಮೀಸಲಿಟ್ಟರು. ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ, ಒಂದೊಂದು ಪಟ್ಟಿಯ ಉದ್ದಕ್ಕೂ ಹಗ್ಗದ ಹೆಣಿಗೆ, ಗರಿಯ ಬಳ್ಳಿ, ಸರಪಳಿ ಮುಂತಾದ ವಿನ್ಯಾಸಗಳು ಹರಿಯುತ್ತಿದ್ದವು. ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳು ನೆರೆಹೊರೆಯವರಿಂದ ವಾರವಾರವೂ ಸ್ವಲ್ಪ ಸ್ವಲ್ಪ ಹಣವನ್ನು ಕಟ್ಟಿಸಿಕೊಂಡು, ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಕ್ವಿಲ್ಟನ್ನು ಹೊಲಿದುಕೊಟ್ಟು ಸಂಸಾರ ಸಾಗಿಸಿದ ನಿದರ್ಶನಗಳು ಅಲ್ಲಿ ಅನೇಕ. ನಮ್ಮ ಚೀಟಿ ಹಾಕುವ ಪದ್ಧತಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಸೀಮೆಯ ಅಲೆನ್‌ಹೆಡ್ಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಾರ್ಜ್ ಗಾರ್ಡಿನರ್ ಎಂಬೊಬ್ಬ ಅಂಗಡಿಯಾತನಿದ್ದನು. ಹೆಂಗಸರ ಟೋಪಿಗಳನ್ನು ಅಲಂಕರಿಸುವುದರಲ್ಲಿ ಆತ ನಿಪುಣನೆಂದೂ, ದೂರದ ಕಣಿವೆಗಳಿಂದ ಹುಡುಗಿಯರು ಅದಕ್ಕಾಗಿ ಆತನಲ್ಲಿಗೆ ಬರುತ್ತಿದ್ದರೆಂದೂ ಹೇಳುತ್ತಾರೆ. ಆತನ ಇನ್ನೊಂದು ಕಸಬು, ಕ್ವಿಲ್ಟಿನ ಮೇಲುಬಟ್ಟೆಯ ಮೇಲೆ ನೀಲಿ ಪೆನ್ಸಿಲಿನಿಂದ ಹೊಲಿಗೆಯ ಚಿತ್ತಾರವನ್ನು ಬರೆದುಕೊಡುವುದು. ಬಟ್ಟೆ ಬರೆಯಿಸಿಕೊಂಡವಳು ಮನೆಯಲ್ಲಿ ಆ ಗೆರೆಗಳ ಮೇಲೆ ಹೊಲಿದುಕೊಳ್ಳುವಳು. ಈ ವಿದ್ಯೆಯನ್ನು ಆತನಿಂದ ಕಲಿತ ಎಲಿಜಬೆತ್ ಸ್ಯಾಂಡರ್ಸನ್ ಎಂಬಾಕೆ ಅದನ್ನೇ ಜೀವನೋಪಾಯ ಮಾಡಿಕೊಂಡು, ತಾನೂ ಹಲವು ಹುಡುಗಿಯರಿಗೆ ಕಲಿಸಿದಳು. ಆಕೆಯ ಹೆಸರಿನ ನಕ್ಷತ್ರದ ವಿನ್ಯಾಸವೊಂದು ಇಂದಿಗೂ ಪ್ರಚಲಿತವಾಗಿದೆ. ಒಮ್ಮೆಯೂ ಒಗೆಯದೆ ಪೆಟ್ಟಿಗೆಯಲ್ಲಿಯೇ ಉಳಿದ ಕ್ವಿಲ್ಟುಗಳಲ್ಲಿ ಆ ನೀಲಿ ಗೆರೆ ಈಗಲೂ ಕಾಣುವುದುಂಟು. ಗೆರೆ ಒಬ್ಬರದು, ಹೊಲಿಗೆ ಮತ್ತೊಬ್ಬರದು. ಜನಪದ ಕಲೆಯೆಂದರೆ ಹೆಸರಿಲ್ಲದವರ ಸಹಜ ಉದ್ಗಾರವೆಂದು ನಂಬಿದವರಿಗೆ ಈ ಅಂಗಡಿಯಾತನೂ ಆತನ ಪೆನ್ಸಿಲೂ ಸ್ವಲ್ಪ ಕಸಿವಿಸಿಯನ್ನುಂಟುಮಾಡಬಹುದು. ನನಗಂತೂ ಆತನೇ ಈ ಚರಿತ್ರೆಯಲ್ಲಿ ಅತ್ಯಂತ ಪ್ರಿಯನಾದ ವ್ಯಕ್ತಿ.

ಅಮೆರಿಕದಲ್ಲಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯ ಆಮಿಶ್ ಜನರು ಇದೇ ಪಟ್ಟಿಗಳನ್ನು ಹೂವಿಲ್ಲದ ಗಾಢವರ್ಣದ ಉಣ್ಣೆಯಲ್ಲಿ ಮಾಡಿದರು. ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು 1971ರಲ್ಲಿ ಅಮೆರಿಕದ ಕ್ವಿಲ್ಟುಗಳನ್ನು ಗೋಡೆಗೆ ತೂಗುಹಾಕಿ ತೋರಿಸಿದಾಗ, ಆಧುನಿಕ ಚಿತ್ರಕಲೆಯ ರಸಿಕರು ಬೆರಗಾದರು. ಆಮಿಶರಲ್ಲದ ಉಳಿದವರು ಬಟ್ಟೆಯ ಚೀಲದಲ್ಲಿ ಮಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಕಂಬಗಳಂತೆ ಹೊಲಿದು, ಕಂಬ ಕಂಬಗಳ ನಡುವೆ ಒಂದೇ ಬಟ್ಟೆಯ ಉದ್ದ ಪಟ್ಟಿಯನ್ನಿಟ್ಟರು. ಇಂದು ಹೆಚ್ಚಾಗಿ ಹೊಲಿಯುವುದು ಈ ಮಾದರಿಯನ್ನು. ಅದಕ್ಕೆ ಬಳಸುವುದು ಹಳೆಯ ಕಾರ್ಖಾನೆಗಳ ಮಾದರಿಪುಸ್ತಕಗಳನ್ನೂ ಹಳೆಯ ಕ್ವಿಲ್ಟುಗಳನ್ನೂ ನೋಡಿ ಮರಳಿ ಅಚ್ಚೊತ್ತಿದ ಹೊಸ ಬಟ್ಟೆಯನ್ನು. ಬಾರ್ಬರಾ ಬ್ರಾಕ್‌ಮನ್ ಅವರಂತಹ ವಿದ್ವಾಂಸರು ಸ್ವತಃ ಇಂತಹ ಬಟ್ಟೆಗಳನ್ನು ರೂಪಿಸಿದ್ದಾರೆ. ಗುಲಾಬಿಯ ಮೇಲೆ ಗುಲಾಬಿ, ಬಿಳಿಯ ಮೇಲೆ ಚುಕ್ಕಿಯಂತಹ ಹೂವಿನ ಅಂಗಿಬಟ್ಟೆ, ಸೀಸದ ಹಳದಿ, ಶೋಕದ ಬೂದಿ, ಎಲ್ಲವೂ ಅಲ್ಲಿವೆ. ಕಬ್ಬಿಣವಿಲ್ಲದ ಬಣ್ಣದಿಂದ ಅಚ್ಚಾದ ಕಂದೂ ಇದೆ, ಅದು ಉದುರುವುದಿಲ್ಲ.

ಅಂಗಡಿಯಲ್ಲಿ ಕ್ರಯಕ್ಕೆ ಕೊಂಡ ಹೊಸ ಬಟ್ಟೆಯನ್ನು ಕತ್ತರಿಸಿ ತುಂಡು ಮಾಡಿ, ಆ ತುಂಡುಗಳನ್ನು ಮತ್ತೆ ಕೂಡಿಸಿ, ಮಿತವ್ಯಯದ ವೇಷವನ್ನು ತೊಡಿಸುವುದು ಹಾಸ್ಯಾಸ್ಪದವೆಂದು ಮೂದಲಿಸುವವರುಂಟು. ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹಳೆಯ ಕ್ವಿಲ್ಟು ಹೊಸದಾಗಿದ್ದಾಗ ಹೇಗೆ ಕಾಣುತ್ತಿದ್ದಿತೆಂಬುದನ್ನು ಕಣ್ಣಾರೆ ನೋಡಲು ನಮಗೆ ಬೇರೆ ದಾರಿ ಯಾವುದಿದೆ? ಇಂದು ಸೌಮ್ಯವೆಂದು ನಾವು ಮೆಚ್ಚುವುದು ಬಹುಪಾಲು ಬಿಸಿಲು ಮಾಡಿದ ಕೆಲಸ. ಅಂದಿನವರ ರುಚಿ ನಾವು ಎಣಿಸುವುದಕ್ಕಿಂತ ಬಹಳ ಖಾರವಾದುದು.

ಕಂಬಗಳ ಈ ಕ್ವಿಲ್ಟನ್ನು ಮಾಡುವ ಬಗೆ ಸರಳವೇ. ಎರಡೂವರೆ ಅಂಗುಲ ಅಗಲ, ಆರೂವರೆ ಅಂಗುಲ ಉದ್ದದ ತುಂಡುಗಳನ್ನು, ಉದ್ದದ ಅಂಚಿಗೆ ಉದ್ದದ ಅಂಚು ಸೇರುವಂತೆ, ಕಾಲಂಗುಲ ಒಳಗೆ ಬಿಟ್ಟು ಹೊಲಿದರೆ ನಲವತ್ತು ತುಂಡಿಗೆ ಎಂಬತ್ತು ಅಂಗುಲದ ಕಂಬವಾಗುತ್ತದೆ. ಇಂತಹ ಐದು ಕಂಬಗಳು, ನಡುವೆಯೂ ಎರಡು ಕೊನೆಗಳಲ್ಲಿಯೂ ಅಷ್ಟೇ ಅಗಲದ ಆರು ಉದ್ದಪಟ್ಟಿಗಳು: ಅರವತ್ತಾರು ಅಂಗುಲ ಅಗಲದ ಹೊದಿಕೆ. ತೊಡಕು ಬೇರೆ ಕಡೆಯಲ್ಲಿದೆ. ಒಂದೊಂದು ಹೊಲಿಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಂಬದ ಕೊನೆಗೆ ಒಂದಂಗುಲದಷ್ಟು ಏರುಪೇರಾಗುವುದರಿಂದ, ಐದು ಕಂಬಗಳೂ ಐದು ಉದ್ದಕ್ಕೆ ಬರುತ್ತವೆ. ಅವುಗಳನ್ನು ಹಾಗೆಯೇ ಎಳೆದು ಕೂಡಿಸಿದರೆ ಹೊದಿಕೆ ಅಲೆಯಲೆಯಾಗಿ ನಿಲ್ಲುತ್ತದೆ. ಆದಕಾರಣ ಕಂಬಗಳನ್ನು ಅಂಚಿನಲ್ಲಿ ಅಳೆಯದೆ ನಡುವೆ ಅಳೆದು, ಸರಾಸರಿಯನ್ನು ಕಂಡುಕೊಂಡು, ಉದ್ದಪಟ್ಟಿಗಳಷ್ಟನ್ನೂ ಅದೇ ಅಳತೆಗೆ, ಹಿಗ್ಗು ಕಡಮೆಯಾದ ಹಾಸುನೂಲಿನ ದಿಕ್ಕಿನಲ್ಲಿ ಕತ್ತರಿಸಿ, ಎರಡು ತುದಿ ಮತ್ತು ಮಧ್ಯವನ್ನು ಗುಂಡುಸೂಜಿಯಿಂದ ಹಿಡಿದು, ಆಮೇಲೆ ಹೊಲಿಯತಕ್ಕದ್ದು.

ಬಣ್ಣದ ಜೋಡಣೆಗೆ ನಿಯಮವಿಲ್ಲ, ಆದರೆ ಗುಟ್ಟುಂಟು. ತುಂಡುಗಳನ್ನು ಬಣ್ಣದಿಂದ ವಿಂಗಡಿಸದೆ ತಿಳಿ, ನಡು, ಗಾಢ ಎಂದು ಮೂರು ರಾಶಿ ಮಾಡಿಕೊಂಡು, ಕಣ್ಣು ಅರೆಮುಚ್ಚಿ ನೋಡಿದಾಗ ಎಲ್ಲಿಯೂ ಗುಂಪುಗಟ್ಟದಂತೆ ಹರಡಬೇಕು. ಎಲ್ಲವೂ ಒಂದಕ್ಕೊಂದು ಒಪ್ಪಿದರೆ ಕ್ವಿಲ್ಟು ನಿದ್ರಿಸುತ್ತದೆ. ಒಂದೆರಡು ಒಪ್ಪದ ತುಂಡುಗಳು, ಮುಖ್ಯವಾಗಿ ಆ ಸೀಸದ ಹಳದಿ, ಒಗ್ಗರಣೆಯ ಇಂಗಿನಷ್ಟು ಮಾತ್ರ ಬೀಳಬೇಕು.

ಇಷ್ಟನ್ನು ಬರೆಯುವಾಗ ವಿಜಯಪುರ, ಧಾರವಾಡದ ಕಡೆಯ ಕೌದಿಗಳೂ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಮೂಲೆಗೊಂದು ಮಡಿಸಿದ ಹೂವಿಟ್ಟು ಮುಗಿಸುವ ಕೌದಿಗಳೂ ನೆನಪಿಗೆ ಬಾರದೆ ಇರುವುದಿಲ್ಲ. ಕೆಂಟಕಿ ರಾಜ್ಯದವರು 1981ರಲ್ಲಿ ಊರೂರಿನ ಹೆಂಗಸರನ್ನು ಕರೆದು, ಮನೆಯ ಕ್ವಿಲ್ಟುಗಳನ್ನು ತರಿಸಿ, ಚಿತ್ರ ತೆಗೆದು, ಹೊಲಿದವಳ ಹೆಸರನ್ನೂ ಬಟ್ಟೆಯ ಪೂರ್ವೋತ್ತರವನ್ನೂ ಬರೆದುಕೊಳ್ಳಲು ಆರಂಭಿಸಿದರು. ಇತರ ರಾಜ್ಯಗಳೂ ಅನುಸರಿಸಿದವು. ಹಳೆಯ ಬಟ್ಟೆಯ ವಿಷಯದಲ್ಲಿ ಇಂದು ಅಲ್ಲಿರುವ ತಿಳಿವಳಿಕೆಗೆ ಈ ಎಣಿಕೆಯ ಋಣ ದೊಡ್ಡದು. ಯಾವ ಇಳಕಲ್ ಸೆರಗು ಯಾರ ಮದುವೆಯದೆಂದು ಹೇಳಬಲ್ಲ ಅಜ್ಜಿಯರು ನಮ್ಮಲ್ಲಿ ಇನ್ನೂ ಇರುವಾಗಲೇ ತಾಲ್ಲೂಕು ತಾಲ್ಲೂಕಿನಲ್ಲಿ ಇಂತಹ ಕೆಲಸ ನಡೆಯಬೇಕೆಂಬುದು ನನ್ನ ಆಸೆ.

ಅತ್ತ ಡರಹಂ ಸೀಮೆಯಲ್ಲಿ, ಹಳೆಯ ಕ್ವಿಲ್ಟುಗಳನ್ನು ಬೀಮಿಶ್ ಮತ್ತು ಬೋಸ್ ವಸ್ತುಸಂಗ್ರಹಾಲಯಗಳು ಜೋಪಾನವಾಗಿರಿಸಿವೆ. ಯಾರ್ಕ್ ನಗರದಲ್ಲಿ 2008ರಲ್ಲಿ ಕ್ವಿಲ್ಟಿಗೆಂದೇ ತೆರೆದ ವಸ್ತುಸಂಗ್ರಹಾಲಯವೊಂದು 2015ರಲ್ಲಿ ಮುಚ್ಚಿತು. ಹೊಲಿಯುವವರಿಗೇನೂ ಕೊರತೆಯಿಲ್ಲ. ಆದರೆ ಕೋಣೆಯನ್ನೆಲ್ಲ ಆಕ್ರಮಿಸುವ ಮರದ ಚೌಕಟ್ಟಿಗೆ ಈಗಿನ ಮನೆಗಳಲ್ಲಿ ಎಡೆಯಿಲ್ಲದೆ, ಮೇಲುಬಟ್ಟೆ ಸಿದ್ಧವಾಯಿತೆಂದರೆ ಬಹುಮಂದಿ ಅದನ್ನು ದೊಡ್ಡ ಯಂತ್ರವುಳ್ಳವರಿಗೆ ಕೊಟ್ಟು, ಹೊಲಿಸಿಕೊಂಡು ಬರುತ್ತಾರೆ. ಹಗ್ಗದ ಹೆಣಿಗೆಯೂ ಗರಿಯ ಬಳ್ಳಿಯೂ ಆ ಯಂತ್ರದ ಗಣಕದಲ್ಲಿ ತುಂಬಿವೆ. ಬೇಕಾದ ಅಳತೆಗೆ, ಒಂದು ಗೆರೆಯೂ ತಪ್ಪದೆ ಅದು ಹೊಲಿದುಕೊಡುತ್ತದೆ. ದಾರ ಮುಗಿದು ಹೊಸ ದಾರ ಎಲ್ಲಿ ಹತ್ತಿತು, ಸಂಜೆ ಬೆಳಕು ಕುಗ್ಗಿ ಹೊಲಿಗೆ ಎಲ್ಲಿ ದೊಡ್ಡದಾಯಿತು ಎಂಬುದು ಮಾತ್ರ ಅದರಲ್ಲಿ ಗೊತ್ತಾಗುವುದಿಲ್ಲ.