ರೆಕ್ಕೆ ಬಾಗಿಸಿ, ಭಾರ ಸರಿದೂಗಿಸಿ, ಹಾರೋಣ ಬನ್ನಿ!

ಮಕ್ಕಳೇ, ಬೆಳ್ಳಕ್ಕಿ ಗದ್ದೆಗೆ ಇಳಿಯುವುದನ್ನು ನೀವು ನೋಡಿರುತ್ತೀರಿ. ಇಳಿಯಲು ನಿಧಾನ ಮಾಡುವಾಗ ಅದು ತನ್ನ ರೆಕ್ಕೆಗಳನ್ನು ಅಗಲಿಸಿ, ಬೊಗಸೆಯಂತೆ ಬಾಗಿಸುತ್ತದೆ. ಬಾಲದ ಗರಿಗಳನ್ನೂ ಬಿಚ್ಚುತ್ತದೆ. ವೇಗ ಕಡಿಮೆಯಾದರೂ ಧೊಪ್ಪನೆ ಬೀಳದಿರಲು ಹಕ್ಕಿ ಮಾಡುವ ಉಪಾಯ ಇದು. ವಿಮಾನಕ್ಕೂ ಇಂಥದೇ ಉಪಾಯ ಬೇಕು. ಇಳಿಯುವಾಗ ಮಾತ್ರವಲ್ಲ, ನೆಲ ಬಿಟ್ಟು ಏಳುವಾಗಲೂ ಬೇಕು. ಅದನ್ನು ತಿಳಿಯಲು ನಾವು ವಿಮಾನ ಹತ್ತಬೇಕಾಗಿಲ್ಲ. ಫ್ಲೈಟ್ ಸಿಮ್ಯುಲೇಟರ್ ಇದ್ದರೆ ಸಾಕು.

ಸಿಮ್ಯುಲೇಟರ್ ಎಂದರೇನು?

ನೆಲದ ಮೇಲೆಯೇ ಕುಳಿತು ವಿಮಾನ ನಡೆಸುವ ಅನುಭವ ಕೊಡುವ ಸಾಧನವೇ ಸಿಮ್ಯುಲೇಟರ್. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಇಂಥದೊಂದು ಯಂತ್ರ ಮಾಡಿದ. ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ ಇತ್ತು. ಹಾರ್ಮೋನಿಯಂನಲ್ಲಿ ಗಾಳಿ ತುಂಬುವ ತಿದಿ ಇರುತ್ತದಲ್ಲ, ಅಂಥ ತಿದಿಗಳನ್ನು ಬಳಸಿಯೇ ಲಿಂಕ್ ತನ್ನ ಪುಟ್ಟ ವಿಮಾನವನ್ನು ಓಲಾಡಿಸಿದ! ಇಂದು ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. 'ಫ್ಲೈಟ್‌ಗಿಯರ್' ಎಂಬ ಸಿಮ್ಯುಲೇಟರ್ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಸೆಸ್ನಾ 172ಪಿ ಎಂಬ ನಾಲ್ಕು ಆಸನಗಳ ಪುಟ್ಟ ವಿಮಾನವಿದೆ. ನಾವು ಅದನ್ನೇ ಹಾರಿಸೋಣ.

ರೆಕ್ಕೆ ಹೇಗೆ ಎತ್ತುತ್ತದೆ?

ರೆಕ್ಕೆ ಮುಂದೆ ಸಾಗುವಾಗ ಎದುರಿನ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿದರೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಹೇಳುವುದು ಇದನ್ನೇ ಅಲ್ಲವೇ? ವಿಮಾನದ ವೇಗ ಎರಡು ಪಟ್ಟಾದರೆ ಈ ಮೇಲೆತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಪೂರ್ತಿ ಭಾರ ಹೇರಿದ ಸೆಸ್ನಾ 172ಪಿ ವಿಮಾನದ ತೂಕ ಸುಮಾರು 1,090 ಕಿಲೋಗ್ರಾಂ. ಇದು ನೆಲ ಬಿಡಲು ಸುಮಾರು 55 ನಾಟ್ ವೇಗ ಬೇಕು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹಾಗಾದರೆ 55 ನಾಟ್ ಎಂದರೆ ಗಂಟೆಗೆ ಸುಮಾರು 102 ಕಿ.ಮೀ. ಇದರ ಅರ್ಧ ವೇಗದಲ್ಲಿ, ರೆಕ್ಕೆಯ ಕೋನ ಅಷ್ಟೇ ಇದ್ದರೆ, ಸಿಗುವ ಬಲ ಕಾಲು ಭಾಗ ಮಾತ್ರ. ಆದ್ದರಿಂದಲೇ ವಿಮಾನ ರನ್‌ವೇಯಲ್ಲಿ ಓಡಿ ಓಡಿ ವೇಗ ಗಳಿಸಬೇಕು.

ಫ್ಲ್ಯಾಪ್: ಬಾಗುವ ರೆಕ್ಕೆ

ರೆಕ್ಕೆಯ ಹಿಂಬದಿಯ ಅಂಚಿನಲ್ಲಿ, ವಿಮಾನದ ಒಡಲಿಗೆ ಹತ್ತಿರವಾಗಿ, ಕೆಳಕ್ಕೆ ಇಳಿಯುವ ಒಂದು ಭಾಗವಿದೆ. ಅದೇ ಫ್ಲ್ಯಾಪ್. ಅದನ್ನು ಇಳಿಸಿದಾಗ ರೆಕ್ಕೆಯ ಬಾಗು ಹೆಚ್ಚುತ್ತದೆ. ಬಾಗು ಹೆಚ್ಚಿದರೆ ಹೆಚ್ಚು ಗಾಳಿ ಕೆಳಕ್ಕೆ ತಿರುಗುತ್ತದೆ. ಕಡಿಮೆ ವೇಗದಲ್ಲೇ ಸಾಕಷ್ಟು ಬಲ ಸಿಗುತ್ತದೆ. ಬೆಳ್ಳಕ್ಕಿಯ ಬೊಗಸೆ ರೆಕ್ಕೆ ನೆನಪಾಯಿತೇ?

ಹಾಗಾದರೆ ಫ್ಲ್ಯಾಪನ್ನು ಪೂರ್ತಿ ಇಳಿಸಿಯೇ ಏರಬಹುದಲ್ಲ? ಇಲ್ಲ! ಫ್ಲ್ಯಾಪ್ ಇಳಿದಷ್ಟೂ ಗಾಳಿಯ ತಡೆಯೂ ಹೆಚ್ಚುತ್ತದೆ. ಸೆಸ್ನಾ 172ಪಿ ವಿಮಾನದ ಫ್ಲ್ಯಾಪ್ 30 ಡಿಗ್ರಿಯವರೆಗೆ ಇಳಿಯುತ್ತದೆ. ಅಷ್ಟು ಇಳಿಸಿದರೆ ಎಂಜಿನ್‌ನ ಶಕ್ತಿಯ ಬಹುಪಾಲು ಗಾಳಿಯೊಡನೆ ಗುದ್ದಾಡುವುದರಲ್ಲೇ ಕಳೆಯುತ್ತದೆ, ಮೇಲೇರಲು ಸ್ವಲ್ಪವೇ ಶಕ್ತಿ ಉಳಿಯುತ್ತದೆ. ವಿಮಾನ ಇಳಿಯುವಾಗ ಈ ತಡೆ ಉಪಯೋಗಕ್ಕೆ ಬರುತ್ತದೆ, ಏರುವಾಗ ತೊಡಕಾಗುತ್ತದೆ. ಆದ್ದರಿಂದ ಏರಲು 10 ಡಿಗ್ರಿಗಿಂತ ಹೆಚ್ಚು ಇಳಿಸಬಾರದೆಂದು ಆ ವಿಮಾನದ ಕೈಪಿಡಿಯೇ ಹೇಳುತ್ತದೆ. 10 ಡಿಗ್ರಿ ಇಳಿಸಿದರೆ ನೆಲದ ಮೇಲಿನ ಓಟ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ.

ಟ್ರಿಮ್: ಸಮತೋಲದ ಚಕ್ರ

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ಗಮನಿಸಿ. ಮುಂದೆ ಹೆಚ್ಚು ಹೇರಿದರೆ ನೊಗ ಎತ್ತಿನ ಕತ್ತನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ. ಹೇರು ಸರಿಯಾಗಿದ್ದರೆ ಎತ್ತುಗಳಿಗೆ ಸುಖ.

ವಿಮಾನದಲ್ಲೂ ಹೀಗೆಯೇ. ಜನ, ಸಾಮಾನು, ಇಂಧನ, ವೇಗ ಇವು ಬದಲಾದಂತೆ ಅದರ ಮೂಗು ಏಳಲು ಅಥವಾ ಬಾಗಲು ನೋಡುತ್ತದೆ. ಗಾಡಿಯಲ್ಲಿ ಹುಲ್ಲನ್ನು ಆಚೀಚೆ ಸರಿಸಬಹುದು. ಹಾರುವ ವಿಮಾನದಲ್ಲಿ ಜನರನ್ನು ಹಾಗೆ ಸರಿಸುತ್ತಾ ಇರಲಾದೀತೇ? ಅದಕ್ಕಾಗಿ ಬಾಲದ ಸಹಾಯ ಪಡೆಯುತ್ತಾರೆ. ಬಾಲದ ಅಡ್ಡರೆಕ್ಕೆಯ ಹಿಂಬದಿಯಲ್ಲಿ ಎಲಿವೇಟರ್ ಎಂಬ ಭಾಗವಿದೆ. ಮೂಗನ್ನು ಏಳಿಸುವುದೂ ಬಾಗಿಸುವುದೂ ಅದೇ. ಸೆಸ್ನಾದಲ್ಲಿ ಎಲಿವೇಟರಿನ ಅಂಚಿಗೆ ಇನ್ನೊಂದು ಪುಟ್ಟ ಪಟ್ಟಿ ಇದೆ. ಪೈಲಟ್ ಪಕ್ಕದ ಟ್ರಿಮ್ ಚಕ್ರವನ್ನು ತಿರುಗಿಸಿದರೆ ಈ ಪಟ್ಟಿ ವಾಲುತ್ತದೆ. ಅದಕ್ಕೆ ತಾಗುವ ಗಾಳಿಯೇ ಎಲಿವೇಟರನ್ನು ಬೇಕಾದ ಸ್ಥಾನದಲ್ಲಿ ಹಿಡಿದಿಡುತ್ತದೆ. ಪೈಲಟ್‌ನ ಕೈಗೆ ಆಯಾಸವಿಲ್ಲ.

ಟ್ರಿಮ್ ತಪ್ಪಿದ್ದರೆ? ಮೂಗು ಬಾಗುವ ಕಡೆಗೆ ಹೆಚ್ಚು ತಿರುಗಿಸಿದ್ದರೆ ತುಂಬಾ ಬಲವಾಗಿ ಎಳೆಯದೆ ವಿಮಾನ ನೆಲ ಬಿಡಲು ಒಪ್ಪುವುದಿಲ್ಲ. ಮೂಗು ಏಳುವ ಕಡೆಗೆ ಹೆಚ್ಚಾಗಿದ್ದರೆ ವಿಮಾನ ಸರ್ರನೆ ಮೂಗೆತ್ತಿ, ವೇಗ ಕಳೆದುಕೊಂಡು ಬೀಳಬಹುದು.

ಈಗ ಹಾರೋಣ

1. ವಿಮಾನ ರನ್‌ವೇಯ ಮೇಲೆ ನಿಂತಿರಲಿ. ಫ್ಲ್ಯಾಪ್ 10 ಡಿಗ್ರಿಗೆ ಇಳಿಸಿ. ಹೊರಗಿನ ನೋಟಕ್ಕೆ ಹೋಗಿ, ಎರಡೂ ಫ್ಲ್ಯಾಪ್ ಇಳಿದಿವೆಯೇ ನೋಡಿ.
2. ಟ್ರಿಮ್ ಚಕ್ರವನ್ನು 'ಟೇಕಾಫ್' ಗುರುತಿಗೆ ತನ್ನಿ.
3. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡಿ. ಮೂಗು ಎಡಕ್ಕೆ ಸರಿಯುತ್ತದೆ. ರನ್‌ವೇಯ ನಡುಗೆರೆ ಬಿಡಬೇಡಿ.
4. ವೇಗ 55 ನಾಟ್ ಆದಾಗ ಹಿಡಿಕೆಯನ್ನು ಮೆಲ್ಲನೆ ಎಳೆಯಿರಿ. ಅಗೋ, ನೆಲ ಬಿಟ್ಟಿತು!
5. ಫ್ಲ್ಯಾಪನ್ನು ತಕ್ಷಣ ಮಡಚಬೇಡಿ. ಮರ, ಕಟ್ಟಡಗಳನ್ನು ದಾಟಿ, ವೇಗ 60 ನಾಟ್ ಮೀರಿದ ಮೇಲೆ ನಿಧಾನವಾಗಿ ಮಡಚಿ.
6. ವೇಗ 70ರಿಂದ 80 ನಾಟ್‌ನಲ್ಲಿ ನಿಲ್ಲಲಿ. ಹಿಡಿಕೆ ಬಿಟ್ಟರೂ ಮೂಗು ಅಲ್ಲಾಡದಂತೆ ಟ್ರಿಮ್ ಹೊಂದಿಸಿ.

ಈಗ ಪ್ರಯೋಗ. ಫ್ಲ್ಯಾಪ್ ಇಲ್ಲದೆ ಒಮ್ಮೆ, 10 ಡಿಗ್ರಿಯಲ್ಲಿ ಒಮ್ಮೆ, 30 ಡಿಗ್ರಿಯಲ್ಲಿ ಒಮ್ಮೆ ಏರಿ. ಎಲ್ಲಿ ನೆಲ ಬಿಟ್ಟಿತು? ಹೇಗೆ ಮೇಲೇರಿತು? ಬರೆದಿಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬ ವಿಜ್ಞಾನದ ನಿಯಮ ಮರೆಯಬೇಡಿ.

ಮರೆತರೆ ಏನಾಗುತ್ತದೆ?

ಸಿಮ್ಯುಲೇಟರಿನಲ್ಲಿ ಬಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು. ನಿಜವಾದ ವಿಮಾನದಲ್ಲಿ ಹಾಗಲ್ಲ. 1987ರ ಆಗಸ್ಟ್ 16ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಂಡಿ-82 ಎಂಬ ದೊಡ್ಡ ವಿಮಾನ ಏರಿದ ಕೂಡಲೇ ಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಜನ ಸತ್ತರು. ವಿಮಾನದಲ್ಲಿದ್ದವರಲ್ಲಿ ಬದುಕಿದ್ದು ನಾಲ್ಕು ವರ್ಷದ ಒಂದು ಮಗು ಮಾತ್ರ. 2008ರ ಆಗಸ್ಟ್ 20ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಇದೇ ಬಗೆಯ ವಿಮಾನ ಬಿದ್ದು 154 ಜನ ಸತ್ತರು. ಎರಡೂ ಕಡೆ ಪೈಲಟ್‌ಗಳು ಅನುಭವಿಗಳೇ. ಆದರೆ ಎರಡೂ ಕಡೆ ಫ್ಲ್ಯಾಪ್‌ಗಳನ್ನು ಇಳಿಸಿರಲಿಲ್ಲ. ಅದನ್ನು ಎಚ್ಚರಿಸಬೇಕಾದ ಸಾಧನವೂ ಸದ್ದು ಮಾಡಲಿಲ್ಲ.

ಆದ್ದರಿಂದಲೇ ಎಷ್ಟೇ ಅನುಭವವಿದ್ದರೂ ಪೈಲಟ್‌ಗಳು ನೆನಪನ್ನು ನಂಬಿ ಕೂರಬಾರದು. 'ಫ್ಲ್ಯಾಪ್?' 'ಟ್ರಿಮ್?' ಎಂದು ಪರಿಶೀಲನಾ ಪಟ್ಟಿಯನ್ನು ಓದಿ, ಒಂದೊಂದನ್ನೂ ಕಣ್ಣಾರೆ ನೋಡಿ ಉತ್ತರಿಸಬೇಕು. ನೀವೂ ಹಾಗೆಯೇ ಮಾಡಿ. ಒಬ್ಬರು ಓದಲಿ, ಇನ್ನೊಬ್ಬರು ನೋಡಿ ಹೇಳಲಿ.

ಕಂಪ್ಯೂಟರ್ ಇಲ್ಲವೇ? ಹೀಗೆ ಮಾಡಿ

ಕಾಗದದ ವಿಮಾನ ಮಡಚಿ. ಎರಡೂ ರೆಕ್ಕೆಗಳ ಹಿಂಬದಿಯ ಅಂಚನ್ನು ಒಂದು ಬೆರಳಗಲ ಕತ್ತರಿಸಿ ಪಟ್ಟಿಗಳನ್ನು ಮಾಡಿ. ಎರಡೂ ಪಟ್ಟಿಗಳನ್ನು ತುಸು ಮೇಲಕ್ಕೆ ಬಾಗಿಸಿ ಎಸೆಯಿರಿ. ಮೂಗು ಏಳುತ್ತದೆ. ಕೆಳಕ್ಕೆ ಬಾಗಿಸಿ ಎಸೆಯಿರಿ. ಮೂಗು ನೆಲಕ್ಕೆ! ಕಾಗದದ ವಿಮಾನಕ್ಕೆ ಬೇರೆ ಬಾಲವಿಲ್ಲ. ಹಾಗಾಗಿ ಈ ಪಟ್ಟಿಗಳು ಫ್ಲ್ಯಾಪ್‌ನಂತಲ್ಲ, ಎಲಿವೇಟರಿನಂತೆ ಕೆಲಸ ಮಾಡುತ್ತವೆ. ವಿಮಾನ ನೇರವಾಗಿ, ದೂರ ತೇಲುವವರೆಗೆ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಿ. ನೀವು ಈಗ ಮಾಡಿದ್ದೇ ಟ್ರಿಮ್!

ಯೋಚಿಸಿ, ಉತ್ತರಿಸಿ

* ಏರಿದ ಕೂಡಲೇ ಫ್ಲ್ಯಾಪನ್ನು ಒಮ್ಮೆಗೇ ಮಡಚಿದರೆ ಏನಾಗಬಹುದು?
* ಹಿಂದಿನ ಆಸನದಲ್ಲಿ ಇಬ್ಬರು ಭಾರದ ಜನ ಕುಳಿತರೆ ಟ್ರಿಮ್ ಚಕ್ರವನ್ನು ಯಾವ ಕಡೆಗೆ ಹೊಂದಿಸಬೇಕು?