ಅನ್ನದ ಪ್ರಶ್ನೆ ಮತ್ತು ನಮ್ಮ ನಾಲ್ಕು ತಾಲೂಕುಗಳು

ಅನ್ನ, ವಸ್ತ್ರ, ವಸತಿ ಇವು ಮೂರೂ ಮನುಷ್ಯನಿಗೆ ಬೇಕಾದವೇ ಸರಿ. ಆದರೆ ಇವುಗಳಲ್ಲಿ ನಾಳೆಗೆಂದು ಮುಂದೂಡಲು ಬಾರದ್ದು ಅನ್ನವೊಂದೇ. 'ಆಹಾರ ಭದ್ರತೆ' ಎಂಬ ಮಾತು ಇಂದು ವರ್ತಮಾನಪತ್ರಗಳಲ್ಲಿಯೂ ನಮ್ಮ ಪ್ರಶ್ನಪತ್ರಿಕೆಗಳಲ್ಲಿಯೂ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಅದರ ಅರ್ಥವೇನು, ಅದಕ್ಕಾಗಿ ದೇಶವು ಹಾಕಿಕೊಂಡ ನೀತಿ ಹೇಗೆ ನಡೆಯುತ್ತದೆ, ಆ ನೀತಿಯು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳವರೆಗೆ ಬಂದಾಗ ಯಾರ ಕೈಗೆ ಸಿಕ್ಕುತ್ತದೆ, ಯಾರ ಕೈಗೆ ತಪ್ಪುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1996ರಲ್ಲಿ ರೋಮ್ ನಗರದಲ್ಲಿ ಜಾಗತಿಕ ಆಹಾರ ಶೃಂಗಸಭೆ ನೆರೆಯಿತು. ಎಲ್ಲ ಜನರಿಗೂ, ಎಲ್ಲ ಕಾಲದಲ್ಲಿಯೂ, ಆರೋಗ್ಯವಂತರಾಗಿ ಬಾಳಲು ಸಾಕಾಗುವಷ್ಟು ಪೌಷ್ಟಿಕ ಆಹಾರವು ದೊರೆಯುವಂತಿದ್ದರೆ ಮಾತ್ರ ಅದನ್ನು ಆಹಾರ ಭದ್ರತೆ ಎನ್ನಬೇಕೆಂದು ಅಲ್ಲಿ ನಿಶ್ಚಯಿಸಲಾಯಿತು. ಇಲ್ಲಿ ಗಮನಿಸತಕ್ಕ ಮಾತು 'ದೊರೆಯುವುದು' ಎಂಬುದು. ಬೆಳೆಯುವುದು ಬೇರೆ, ದೊರೆಯುವುದು ಬೇರೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದಕ್ಕೆ ಧಾನ್ಯದ ಕೊರತೆಗಿಂತಲೂ, ಧಾನ್ಯವನ್ನು ಕೊಳ್ಳುವ ಶಕ್ತಿ ಕೂಲಿಕಾರರಿಗೂ ಮೀನುಗಾರರಿಗೂ ಇಲ್ಲದೆ ಹೋದದ್ದೇ ಮುಖ್ಯ ಕಾರಣವೆಂದು ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ನಮ್ಮ ದೇಶಕ್ಕೆ ಮೊದಲು ಎದುರಾದದ್ದು ಬೆಳೆಯುವ ಪ್ರಶ್ನೆಯೇ. 1950–51ರಲ್ಲಿ ಇಡೀ ಭಾರತದ ಆಹಾರಧಾನ್ಯದ ಉತ್ಪನ್ನ ಸುಮಾರು 5 ಕೋಟಿ ಟನ್ನು. ಅಮೆರಿಕವು 1954ರಲ್ಲಿ ಮಾಡಿದ ಪಿ.ಎಲ್. 480 ಎಂಬ ಕಾಯಿದೆಯ ಮೇರೆಗೆ ಹಡಗುಗಳಲ್ಲಿ ಬರುತ್ತಿದ್ದ ಗೋಧಿಯನ್ನು ನಾವು ಎದುರು ನೋಡಬೇಕಾಗಿತ್ತು. 1965ರಲ್ಲಿಯೂ 1966ರಲ್ಲಿಯೂ ಮಳೆ ಕೈಕೊಟ್ಟಿತು. 1966ರಲ್ಲಿ ಸುಮಾರು 1 ಕೋಟಿ ಟನ್ನು ಧಾನ್ಯ ಹೊರಗಿನಿಂದ ಬಂದಿತು. ಇಂತಹ ಪರಾಧೀನತೆ ಸಾಕೆನಿಸಿದ ಕಾಲದಲ್ಲಿಯೇ, ಸಿ. ಸುಬ್ರಮಣ್ಯಂ ಅವರು ಆಹಾರ ಸಚಿವರಾಗಿದ್ದಾಗ, 1965ರಲ್ಲಿ ಭಾರತ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಸ್ಥಾಪಿತವಾದವು. ಎಂ.ಎಸ್. ಸ್ವಾಮಿನಾಥನ್ ಮೊದಲಾದ ವಿಜ್ಞಾನಿಗಳ ಶ್ರಮದಿಂದ ಗಿಡ್ಡ ತಳಿಯ ಗೋಧಿಯೂ ಬತ್ತವೂ ಹೊಲಗಳಿಗೆ ಬಂದವು. 2023–24ರಲ್ಲಿ ಉತ್ಪನ್ನವು 33 ಕೋಟಿ ಟನ್ನನ್ನು ದಾಟಿತು. ಇದು ಸಾಮಾನ್ಯವಾದ ಸಾಧನೆಯಲ್ಲ.

ಈ ನೀತಿಗೆ ಮೂರು ಕಾಲುಗಳಿವೆ. ಒಂದು, ಬಿತ್ತನೆಯ ಹೊತ್ತಿಗೆ ಸರಕಾರ ಕನಿಷ್ಠ ಬೆಂಬಲ ಬೆಲೆಯನ್ನು ಸಾರುವುದು. ಎರಡು, ಆ ಬೆಲೆಗೆ ಧಾನ್ಯವನ್ನು ಕೊಂಡು ಗೋದಾಮುಗಳಲ್ಲಿ ತುಂಬುವುದು. ಮೂರು, ಅದನ್ನು ರೇಶನ್ ಅಂಗಡಿಗಳ ಮೂಲಕ ಹಂಚುವುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. 2023ರ ಜನವರಿಯಿಂದ ಇದಕ್ಕೆ ಹಣ ಕೊಡಬೇಕಾಗಿಲ್ಲ.

ಅಭಿವೃದ್ಧಿಶೀಲ ರಾಷ್ಟ್ರಗಳು ಹೀಗೆ ಧಾನ್ಯವನ್ನು ಕೊಂಡು ಕೂಡಿಡುವುದಕ್ಕೆ ಹೊರಗಿನ ಅಡ್ಡಿಯೂ ಉಂಟು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ ಇಂತಹ ರಾಷ್ಟ್ರವು ಒಂದು ಬೆಳೆಗೆ ಕೊಡುವ ಬೆಂಬಲವು ಆ ಬೆಳೆಯ ಒಟ್ಟು ಮೌಲ್ಯದ ಶೇಕಡಾ 10ನ್ನು ಮೀರಬಾರದು. ಅದನ್ನು ಎಣಿಸುವುದು 1986–88ರ ಹಳೆಯ ಬೆಲೆಗಳನ್ನು ಆಧಾರವಾಗಿಟ್ಟುಕೊಂಡು! 2013ರ ಬಾಲಿ ಸಮ್ಮೇಳನದಲ್ಲಿ, ಶಾಶ್ವತ ಪರಿಹಾರ ದೊರೆಯುವವರೆಗೆ ಈ ಬಗ್ಗೆ ದೂರು ಹೂಡಬಾರದೆಂಬ ಒಪ್ಪಂದವಾಯಿತು. ಆ ಶಾಶ್ವತ ಪರಿಹಾರವಿನ್ನೂ ಬಂದಿಲ್ಲ. ಜಿನೀವಾದ ಈ ವಾದವಿವಾದದಲ್ಲಿ ನಾವು ನಮ್ಮ ಸರಕಾರದ ಪಕ್ಷವನ್ನೇ ಹಿಡಿಯಬೇಕು. ಆದರೆ ಮನೆಯೊಳಗಿನ ಲೆಕ್ಕವನ್ನೂ ನೋಡಿಕೊಳ್ಳಬೇಕಲ್ಲವೆ?

ಮೊದಲು ಹಳಿಯಾಳವನ್ನು ತೆಗೆದುಕೊಳ್ಳೋಣ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ಈ ತಾಲೂಕಿನ ಹಳೆಯ ಬೆಳೆ ಮಳೆಯನ್ನೇ ನಂಬಿದ ಬತ್ತ. ಕೂರಿಗೆಯಿಂದ ಬಿತ್ತುವುದು ಇಲ್ಲಿಯ ಪದ್ಧತಿ. ಸಕ್ಕರೆ ಕಾರ್ಖಾನೆ ಬಂದ ಮೇಲೆ ಅನೇಕ ಗದ್ದೆಗಳು ಕಬ್ಬಿನ ಗದ್ದೆಗಳಾದವು. ಇದಕ್ಕೆ ರೈತನ ದುರಾಸೆ ಕಾರಣವೆನ್ನುವವರು ಎರಡು ಬೆಳೆಗಳ ಹಿಂದಿರುವ ಕಾನೂನನ್ನು ಹೋಲಿಸಿ ನೋಡಬೇಕು. ಕಬ್ಬಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಬೆಲೆಯನ್ನು ಕಾರ್ಖಾನೆಯು ಕೊಡಲೇಬೇಕು. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ 14 ದಿನಗಳೊಳಗೆ ಹಣ ಸಲ್ಲಬೇಕು. ಆ ಬೆಲೆ ಸಾಲದೆಂದು 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಹೋರಾಟ ಹೂಡಿದ್ದೂ ಉಂಟು. ಆದರೂ ಕೊಳ್ಳುವವನು ಯಾರೆಂಬುದು ಕಬ್ಬಿನ ರೈತನಿಗೆ ಗೊತ್ತು. ಬತ್ತಕ್ಕೆ 2025–26ರಲ್ಲಿ ಕ್ವಿಂಟಲಿಗೆ 2369 ರೂಪಾಯಿ ಬೆಂಬಲ ಬೆಲೆ ಸಾರಲಾಯಿತು. ಆದರೆ ಆ ಬೆಲೆಗಿಂತ ಕಡಿಮೆಗೆ ಕೊಳ್ಳಬಾರದೆಂದು ವ್ಯಾಪಾರಿಯನ್ನು ಕಟ್ಟಿಹಾಕುವ ಕಾನೂನಿಲ್ಲ. ಖರೀದಿ ಕೇಂದ್ರವು ಸುಗ್ಗಿಯ ಹೊತ್ತಿಗೆ ತೆರೆದರೆ ಮಾತ್ರ ಅದು ಬೆಲೆ. ತೆರೆಯದಿದ್ದರೆ ಕಾಗದದ ಮೇಲಿನ ಅಂಕಿ.

ಮುಂಡಗೋಡದಲ್ಲಿಯೂ ಇದೇ ಪಾಠವನ್ನು ಇನ್ನೊಂದು ಬಗೆಯಲ್ಲಿ ಕಾಣಬಹುದು. 1966ರಲ್ಲಿ ಟಿಬೇಟಿನ ನಿರಾಶ್ರಿತರಿಗೆ ಇಲ್ಲಿ ಸುಮಾರು 4000 ಎಕರೆ ಭೂಮಿಯನ್ನು ಕೊಟ್ಟು ನೆಲೆಗೊಳಿಸಲಾಯಿತು. ಬಾರ್ಲಿಯ ಹಿಟ್ಟು ತಿಂದು ಬೆಳೆದ ಶೀತಪ್ರದೇಶದ ಜನರು ಸಹಕಾರ ಸಂಘ ಕಟ್ಟಿಕೊಂಡು ಇಲ್ಲಿಯ ಮಳೆಗೆ ಬತ್ತವನ್ನೂ ಗೋವಿನಜೋಳವನ್ನೂ ಬೆಳೆಯಲು ಕಲಿತರು. ನೆಲ ಮತ್ತು ಸಂಘ ಇವೆರಡು ದೊರೆತರೆ ಪರದೇಶದಿಂದ ಬಂದವರೂ ಬೇರೂರಬಲ್ಲರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಗೋವಿನಜೋಳವು ಬಹುಮಟ್ಟಿಗೆ ನಮ್ಮ ತಟ್ಟೆಗೆ ಬರುವ ಧಾನ್ಯವಲ್ಲ. ಅದು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ ಹೋಗುವುದು. 2025–26ರಲ್ಲಿ ಅದರ ಬೆಂಬಲ ಬೆಲೆ 2400 ರೂಪಾಯಿ. ಆದರೂ 2025ರ ಸುಗ್ಗಿಯಲ್ಲಿ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿದು, ರಾಜ್ಯದ ಜೋಳದ ರೈತರು ಬೀದಿಗಿಳಿಯಬೇಕಾಯಿತು.

ದಾಂಡೇಲಿಯ ಸ್ಥಿತಿಯೇ ಬೇರೆ. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದ ಬೆಳೆದ ಈ ಊರಿನಲ್ಲಿ ಬಹುಜನರು ಅನ್ನವನ್ನು ಬೆಳೆಯುವವರಲ್ಲ, ಕೊಳ್ಳುವವರು. ಕೂಲಿ ನಿಂತ ತಿಂಗಳಲ್ಲಿ ರೇಶನ್ ಅಂಗಡಿಯೇ ಅವರ ಕಣಜ. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಇಂತಹ ಮನೆಗಳಿಗೆ ಎಷ್ಟು ಆಸರೆಯಾಯಿತೆಂಬುದನ್ನು ಬಡತನವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆದರೆ 2023ರಲ್ಲಿ ರಾಜ್ಯವು ತಲೆಗೆ ಇನ್ನೂ 5 ಕಿಲೋ ಅಕ್ಕಿ ಕೊಡಹೊರಟಾಗ ಕೇಂದ್ರದಿಂದ ಅಕ್ಕಿ ದೊರೆಯಲಿಲ್ಲ. ಅದರ ಬದಲು ತಲೆಗೆ 170 ರೂಪಾಯಿ ಹಣ ಕೊಡಬೇಕಾಯಿತು. 2025ರ ಫೆಬ್ರವರಿಯಿಂದ ಆ ಹಣದ ಬದಲು ಅಕ್ಕಿ ಬಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಈ ಹೆಚ್ಚಿನ ಅಕ್ಕಿಯ ಸ್ಥಾನದಲ್ಲಿ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡಲು ಸಚಿವ ಸಂಪುಟ ಒಪ್ಪಿತು. ಬರಿಯ ಅಕ್ಕಿಯೇ ಆಹಾರವಲ್ಲವೆಂಬುದನ್ನು ಸರಕಾರವೂ ಕಂಡುಕೊಂಡಂತಾಯಿತು.

ಈ ಮಾತನ್ನು ಎಷ್ಟೋ ತಲೆಮಾರುಗಳ ಹಿಂದೆಯೇ ಅರಿತವರು ಜೋಯಿಡಾದ ಕುಣಬಿಗಳು. ಕಾಡಿನ ನಡುವೆ ಚದುರಿದ ಇವರ ಮನೆಗಳ ಹಿತ್ತಲಲ್ಲಿ ಕೆಸುವಿನ ಜಾತಿಯ ಮುಡ್ಲಿ, ಗೆಣಸು, ಸುವರ್ಣಗೆಡ್ಡೆ ಮೊದಲಾದ ಹತ್ತಾರು ಬಗೆಯ ಗೆಡ್ಡೆಗಳು ಬೆಳೆಯುತ್ತವೆ. ಗೆಡ್ಡೆಗೆ ಗೋದಾಮು ಬೇಡ. ಬೇಕಾದಾಗ ಅಗೆಯುವವರೆಗೆ ನೆಲವೇ ಅದರ ಕಣಜ. ಬತ್ತ ತೀರಿದ ದಿನಗಳಲ್ಲಿ, ಹೊಳೆ ತುಂಬಿ ದಾರಿ ಕಡಿದ ಮಳೆಗಾಲದಲ್ಲಿ ಅದೇ ಅನ್ನ. ಜೋಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸಿನ ಮೇಳವನ್ನು ನೋಡಿದವರು ಈ ಸಂಪತ್ತಿನ ವೈವಿಧ್ಯವನ್ನು ಬಲ್ಲರು. ಆದರೆ ದೇಶದ 33 ಕೋಟಿ ಟನ್ನಿನ ಲೆಕ್ಕದಲ್ಲಿ ಇದಕ್ಕೆ ಸ್ಥಾನವಿಲ್ಲ. ಇದಕ್ಕೆ ಬೆಂಬಲ ಬೆಲೆಯಿಲ್ಲ.

ಇದಕ್ಕಿಂತ ಮುಖ್ಯವಾದುದು ನೆಲದ ಪ್ರಶ್ನೆ. ಬೆಂಬಲ ಬೆಲೆಗೆ ಹೆಸರು ಬರೆಸಲು, ಬೆಳೆಸಾಲ ಪಡೆಯಲು ಪಹಣಿ ಬೇಕು. ಕಾಡಿನ ನೆಲವನ್ನು ಉಳುವವನಿಗೆ ಪಹಣಿಯಿಲ್ಲ. ಆದುದರಿಂದ ಕಡತದಲ್ಲಿ ಅವನು ರೈತನೇ ಅಲ್ಲ. ಈ ಅನ್ಯಾಯವನ್ನು ಸರಿಪಡಿಸಲೆಂದೇ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು. ಅದರಂತೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ನೆಲೆಸಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಿದ್ಧಮಾಡಿ ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ವರ್ಷ ಗಡಿಯಾಚೆ ಗೋವಾದ ಕುಣಬಿಗಳೂ ಸೇರಿದರು. ಆದರೆ ಜೋಯಿಡಾದ ಕುಣಬಿಗಳು ಕರ್ನಾಟಕದ ಪಟ್ಟಿಯಲ್ಲಿಲ್ಲ. ಒಂದೇ ಕಾಡು, ಒಂದೇ ಗೆಡ್ಡೆ. ಗಡಿಯ ಈಚೆಗೆ 75 ವರ್ಷಗಳ ಪುರಾವೆ! ಓದುಬರಹವಿಲ್ಲದ ಅಜ್ಜನು ಅಷ್ಟು ಹಳೆಯ ಕಾಗದವನ್ನು ಎಲ್ಲಿಂದ ತರಬೇಕು?

ಇಷ್ಟರಿಂದ ತಿಳಿಯುವುದೇನೆಂದರೆ, ನಮ್ಮ ಆಹಾರ ನೀತಿಯು ಗೋದಾಮಿಗೆ ಬರುವ ಧಾನ್ಯವನ್ನೂ ಪಹಣಿಯುಳ್ಳ ರೈತನನ್ನೂ ಮಾತ್ರ ಗುರುತಿಸುವಂತೆ ರಚಿತವಾಗಿದೆ. 1965ರಲ್ಲಿ ಅದು ಅವಶ್ಯವಾಗಿತ್ತು. ಇಂದು ಅದರ ದೃಷ್ಟಿ ವಿಶಾಲವಾಗಬೇಕು. ಖರೀದಿ ಕೇಂದ್ರಗಳು ಸುಗ್ಗಿಗೆ ಮೊದಲೇ ತೆರೆಯಬೇಕು. ಇಲ್ಲಿಯ ಬತ್ತವನ್ನೂ ಗೆಡ್ಡೆಗಳನ್ನೂ ಇಲ್ಲಿಯ ಅಂಗನವಾಡಿ, ವಸತಿನಿಲಯಗಳಿಗೆ ಕೊಳ್ಳಬೇಕು. ಉಳುವವನ ನೆಲಕ್ಕೆ ಹಕ್ಕುಪತ್ರ ದೊರೆಯಬೇಕು.

ಇವು ಸರಕಾರ ಮಾಡತಕ್ಕ ಕೆಲಸಗಳು. ನಾವು ವಿದ್ಯಾರ್ಥಿಗಳು ಮಾಡಬಹುದಾದದ್ದೂ ಒಂದುಂಟು. ಅರಣ್ಯ ಹಕ್ಕು ಕಾಯಿದೆಯ ನಿಯಮಗಳಂತೆ, ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರಹದಲ್ಲಿಳಿಸಿದರೆ ಅದೂ ಒಂದು ಸಾಕ್ಷ್ಯವೇ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದೆ ಅದನ್ನು ಇಡಬಹುದು. ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ; ಬರೆಯಬಲ್ಲವರು ನಾವಿದ್ದೇವೆ. ಈ ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ದರೆ, ನಾವು ಕಲಿತ ನಾಲ್ಕಕ್ಷರ ಯಾರದೋ ಮನೆಯ ಅನ್ನಕ್ಕೆ ಆಧಾರವಾದೀತು.