ದ್ವೀಪದ ಮೇಲೆ ಒಂದು ವಾರ: ರಜಾ ಯಾರಿಗೆ, ಸಜಾ ಯಾರಿಗೆ?

ಶಂಕರಘಟ್ಟ: ಮೇ ಕೊನೆಯ ವಾರ ಬಂತೆಂದರೆ ಶಿವಮೊಗ್ಗ, ಭದ್ರಾವತಿಯ ಅಂಗಡಿಗಳಲ್ಲಿ ನೋಟ್‌ಬುಕ್ಕು, ಕೊಡೆ, ರೈನ್‌ಕೋಟಿನ ವ್ಯಾಪಾರ ಶುರು. ಸ್ಕೂಲು ಬಾಗಿಲು ತೆಗೆಯೋ ಮುಂಚೆ ಎಲ್ಲಾದರೂ ಕರ್ಕೊಂಡು ಹೋಗಿ ಎಂದು ಮಕ್ಕಳ ಹಠ. ಗೋವಾ, ಊಟಿ ಎಂದರೆ ಜೇಬು ಒಪ್ಪುವುದಿಲ್ಲ. ಆಗ ಕಣ್ಣು ಹೋಗುವುದು ಪಕ್ಕದ ಭದ್ರಾ ಹಿನ್ನೀರಿನ ಕಡೆಗೆ. ಸುತ್ತ ಕಾಡು, ಎದುರಿಗೆ ನೀರು, ನಡುವೆ ಪುಟ್ಟ ಪುಟ್ಟ ದ್ವೀಪ. ಹಾಯಾಗಿ ಕಾಲು ಚಾಚಿಕೊಂಡು ಒಂದು ವಾರ ಕಳೆಯಲು ಇನ್ನೇನು ಬೇಕು ಸ್ವಾಮಿ?

ಬೇಕಾದ್ದು ಒಂದೇ. ಆ ದ್ವೀಪದಲ್ಲಿ ಮೊದಲೇ ಬೀಡು ಬಿಟ್ಟವರು ಯಾರು ಅನ್ನೋದು ಗೊತ್ತಿರಬೇಕು.

ಡ್ಯಾಮಿನ ಲೆಕ್ಕದ ದ್ವೀಪ

ಇವು ಹುಟ್ಟಾ ದ್ವೀಪಗಳಲ್ಲ. ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ಕೆಲಸ 1960ರ ದಶಕದಲ್ಲಿ ಮುಗಿಯಿತು. ಕಣಿವೆ ಮುಳುಗಿತು, ಗುಡ್ಡಗಳ ನೆತ್ತಿ ಉಳಿಯಿತು. ಡ್ಯಾಂ ತುಂಬಿದರೆ 186 ಅಡಿ, 71.5 ಟಿಎಂಸಿ. ಈ ಲೆಕ್ಕ ಭದ್ರಾವತಿಯ ಅಡಿಕೆಯವರಿಂದ ದಾವಣಗೆರೆಯ ಭತ್ತದವರ ತನಕ ಎಲ್ಲರಿಗೂ ಬಾಯಿಪಾಠ.

ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಹರಿದಷ್ಟೂ ಇತ್ತ ಹಿನ್ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಮುಳುಗಿದ್ದ ಸಣ್ಣ ದಿಬ್ಬಗಳು ಒಂದೊಂದಾಗಿ ತಲೆ ಎತ್ತುತ್ತವೆ. ಮರವಿಲ್ಲ, ನೆರಳಿಲ್ಲ, ಬರೀ ಕಲ್ಲು, ಗೊರಚಲು ಮಣ್ಣು. ಮನುಷ್ಯರಿಗೆ ಕೆಲಸಕ್ಕೆ ಬಾರದ ಈ ಜಾಗವೇ ಒಂದು ಹಕ್ಕಿಗೆ ಹೆರಿಗೆ ಮನೆ.

ಹಳದಿ ಕೊಕ್ಕಿನ ಒಕ್ಕಲು

ಆ ಹಕ್ಕಿ ರಿವರ್ ಟರ್ನ್. ಕನ್ನಡದಲ್ಲಿ ನದಿ ರೀವ. ಹಳದಿ ಕೊಕ್ಕು, ತಲೆಗೆ ಕರೀ ಟೋಪಿ, ಬೂದು ಬಣ್ಣದ ಬೆನ್ನು, ಕವಲೊಡೆದ ಬಾಲ. ಮೇಲಿನಿಂದ ದಬಕ್ಕನೆ ನೀರಿಗೆ ಬಿದ್ದು ಮೀನು ಹಿಡಿಯುತ್ತದೆ. ಗಂಡು ಮೊದಲು ಹೆಣ್ಣಿಗೆ ಮೀನು ತಂದು ಕೊಡಬೇಕು, ಆಮೇಲೆ ಸಂಸಾರ! ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನವರು ನಡೆಸುವ ಬಿಡಾರಕ್ಕೆ ರಿವರ್ ಟರ್ನ್ ಲಾಡ್ಜ್ ಎಂದು ಹೆಸರಿರುವುದೂ ಇದರಿಂದಲೇ.

ಬೇಸಿಗೆಯಲ್ಲಿ ಸಾವಿರಗಟ್ಟಲೆ ಬಂದು ಸೇರುತ್ತವೆ. ಕಡ್ಡಿ ಕಸ ತಂದು ಗೂಡು ಕಟ್ಟುವ ಗೋಜಿಲ್ಲ. ನೆಲವನ್ನೇ ಸ್ವಲ್ಪ ಕೆರೆದು ತಗ್ಗು ಮಾಡಿ ಎರಡೋ ಮೂರೋ ಮೊಟ್ಟೆ. ಮೊಟ್ಟೆಗೆ ಕಲ್ಲಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಾಲಿಟ್ಟವನಿಗೆ ತುಳಿದ ಮೇಲೇ ಗೊತ್ತಾಗುವುದು.

ಏಪ್ರಿಲ್, ಮೇ ಬಿಸಿಲಿಗೆ ಆ ಕಲ್ಲು ಕಾದ ಕಾವಲಿ. ಅಪ್ಪ ಅಮ್ಮ ಪಾಳಿಯ ಮೇಲೆ ಮೊಟ್ಟೆಗೆ ನೆರಳಾಗಿ ಕೂರುತ್ತವೆ. ನಡುವೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಈಗ ಯೋಚಿಸಿ. ಫೋಟೋದ ಆಸೆಗೆ ದೋಣಿ ದಡಕ್ಕೇ ಬಂತು. ಇಡೀ ಹಿಂಡು ಕಿರುಚುತ್ತಾ ಮೇಲೆದ್ದಿತು. ದೋಣಿಯವರಿಗೆ ಒಳ್ಳೆ ಫೋಟೋ ಸಿಕ್ಕಿತು. ಕೆಳಗೆ ಮೊಟ್ಟೆ ಬಿಸಿಲಿಗೆ ಬಿತ್ತು. ಹದ್ದು, ಕಾಗೆಗೆ ಬಿಟ್ಟಿ ಊಟ!

ರೋಹಿಣಿ, ಮೃಗಶಿರಾ ಮತ್ತು ಮರಿ

ಮೊಟ್ಟೆ ಒಡೆಯಲು ಸುಮಾರು ಮೂರು ವಾರ. ಮರಿಗೆ ಹಾರಲು ಬರುವುದಕ್ಕೆ ಮತ್ತೆ ಮೂರು ನಾಲ್ಕು ವಾರ. ಏಪ್ರಿಲ್ ಮೊದಲಲ್ಲಿ ಇಟ್ಟ ಮೊಟ್ಟೆಯಾದರೆ ಮೇ ಮುಗಿಯುವಷ್ಟರಲ್ಲಿ ಮರಿ ರೆಕ್ಕೆ ಬಿಚ್ಚಿರುತ್ತದೆ. ಭರಣಿ ಮಳೆ ಹೊತ್ತಿಗೆ ಇಟ್ಟದ್ದಾದರೆ ಜೂನ್ ನಡುವೆ. ಅಷ್ಟರಲ್ಲಿ ರೋಹಿಣಿ ಕಳೆದು ಮೃಗಶಿರಾ ಹಿಡಿದಿರುತ್ತದೆ. ಮೇಲೆ ಕಳಸ, ಬಾಳೆಹೊನ್ನೂರಲ್ಲಿ ಮಳೆ ಹೊಡೆದರೆ ಇಲ್ಲಿ ನೀರು ಏರಲು ತಡವಿಲ್ಲ. ದ್ವೀಪದ ಅಂಚಿನ ಗೂಡುಗಳು ಮೊದಲು ಹೋಗುತ್ತವೆ.

ಜೂನ್ 1ಕ್ಕೆ ಬರಬೇಕಾದ ಮುಂಗಾರು 2025ರಲ್ಲಿ ಮೇ 24ಕ್ಕೇ ಕೇರಳ ಮುಟ್ಟಿತು. ಇಂಥ ವರ್ಷ ತಡವಾಗಿ ಮೊಟ್ಟೆಯಿಟ್ಟ ಜೋಡಿಯ ಲೆಕ್ಕ ತಪ್ಪುತ್ತದೆ. ಮಳೆಯೇ ಕೈಕೊಟ್ಟರೆ ಇನ್ನೊಂದು ಗೋಳು. 2023ರಲ್ಲಿ ಡ್ಯಾಂ ತುಂಬಲೇ ಇಲ್ಲ. ನೀರು ವಿಪರೀತ ಇಳಿದರೆ ದ್ವೀಪ ದಡಕ್ಕೆ ಕೂಡಿಕೊಳ್ಳುತ್ತದೆ, ನಾಯಿ ನರಿಗೆ ದಾರಿಯಾಗುತ್ತದೆ.

ನದಿಗಳ ದಂಡೆಯ ಮರಳು ಖಾಲಿಯಾಗಿ, ಡ್ಯಾಮುಗಳ ನೀರು ಏರಿಳಿದು, ಈ ಹಕ್ಕಿ ಎಲ್ಲ ಕಡೆ ಕಡಿಮೆಯಾಗುತ್ತಿದೆ. ಪ್ರಪಂಚದ ಅಪಾಯದ ಪಟ್ಟಿಯಲ್ಲಿ ಇದರ ಹೆಸರಿದೆ. ಅಂಥದ್ದರಲ್ಲಿ ಶಂಕರಘಟ್ಟದ ಮಗ್ಗುಲಲ್ಲೇ ಇಷ್ಟು ದೊಡ್ಡ ಬಿಡಾರವಿರುವುದು ಸಣ್ಣ ಮಾತಲ್ಲ.

ಹಾಗಾದ್ರೆ ಹೋಗಬಾರದಾ?

ಧಾರಾಳವಾಗಿ ಹೋಗಿ. ಶಿವಮೊಗ್ಗದಿಂದ ಶಂಕರಘಟ್ಟ 28 ಕಿ.ಮೀ. ಹತ್ತಿರದಲ್ಲೇ ಬಿ.ಆರ್. ಪ್ರಾಜೆಕ್ಟ್, ಆಚೆ ಲಕ್ಕವಳ್ಳಿ. ಸಂಜೆ ತಂಪಿಗೆ ದಡದಲ್ಲಿ ಕೂತರೆ ಟರ್ನ್ ತಾನೇ ತಲೆ ಮೇಲೆ ಹಾರಿ ಬಂದು ಮೀನು ಹಿಡಿಯುವ ಆಟ ತೋರಿಸುತ್ತದೆ, ಟಿಕೇಟಿಲ್ಲದೆ. ದೋಣಿ ಹತ್ತಿದರೆ ದೂರದಲ್ಲೇ ಎಂಜಿನ್ ನಿಲ್ಲಿಸಲು ಹೇಳಿ. ಹತ್ತಿರ ಒಯ್ಯಿ ಎಂದು ದೋಣಿಯವನಿಗೆ ಆಸೆ ತೋರಿಸಬೇಡಿ. ಗೂಡಿರುವ ದ್ವೀಪಕ್ಕೆ ಕಾಲಿಡುವ ಮಾತಂತೂ ಬೇಡವೇ ಬೇಡ. ಭದ್ರಾ 1998ರಿಂದ ಹುಲಿ ಯೋಜನೆಯ ಕಾಡು. ಅಪ್ಪಣೆಯಿಲ್ಲದೆ ನುಗ್ಗಿದರೆ ಕೇಸು ಬೀಳುತ್ತದೆ.

ಮನುಷ್ಯರ ರಜಾ ಮುಂದಿನ ವರ್ಷವೂ ಬರುತ್ತದೆ. ಆ ಮರಿಗೆ ಇರುವುದು ಇದೊಂದು ವಾರ. ನೀರು ಏರುವಷ್ಟರಲ್ಲಿ ರೆಕ್ಕೆ ಬಲಿಯಬೇಕು.